ಏಳು ತಂಡ, ಮೂರು ಮೈದಾನ: ಯಾರಿಗೂ ಅನ್ಯಾಯ ಆಗದ ಹಾಗೆ ಲೀಗ್ ಪಟ್ಟಿ ಮಾಡುವುದು ಹೇಗೆ?

ಲೀಗ್ ಅಂದರೆ ಎಲ್ಲರೂ ಎಲ್ಲರ ವಿರುದ್ಧ ಒಂದೊಂದು ಸಲ ಆಡುವುದು. ನಾಕೌಟ್‌ನಲ್ಲಿ ಒಂದು ಕೆಟ್ಟ ದಿನ ಬಂದರೆ ಕಿಟ್ ಕಟ್ಟಿಕೊಂಡು ಹೊರಡಬೇಕು. ಲೀಗ್‌ನಲ್ಲಿ ಹಾಗಿಲ್ಲ. ಹಾಗಾಗಿ ಇದಕ್ಕಿಂತ ನ್ಯಾಯವಾದದ್ದು ಇಲ್ಲ ಅಂತ ಆಡುವವರೂ ಆಡಿಸುವವರೂ ಒಪ್ಪುತ್ತಾರೆ. ತಕರಾರು ಶುರುವಾಗುವುದು ಪಟ್ಟಿಯನ್ನು ಗೋಡೆಗೆ ಅಂಟಿಸಿದ ಮೇಲೆ. "ಆ ಹೊಂಡ ಬಿದ್ದ ಮೈದಾನ ನಮ್ಮ ತಲೆಗೇ ಯಾಕೆ ಕಟ್ಟಿದ್ರಿ?" "ಅವರಿಗೆ ಎರಡು ಗಂಟೆ ಬಿಡುವು, ನಮಗೆ ಒಂದರ ಹಿಂದೊಂದು ಎರಡು ಮ್ಯಾಚಾ?"

ಈ ದೂರುಗಳು ಸುಮ್ನೆ ಬರುವುದಿಲ್ಲ. ಎಲ್ಲರಿಗೂ ಅದೇ ಎದುರಾಳಿಗಳು ಸಿಕ್ಕರೂ ಮೈದಾನ, ಬಿಡುವು, ಆಡುವ ಕ್ರಮ ಒಂದೇ ಥರ ಸಿಗಬೇಕು ಅಂತೇನಿಲ್ಲ. ಯಾರು ಯಾರ ಜೊತೆ ಯಾವ ಸುತ್ತಿನಲ್ಲಿ ಅನ್ನುವುದು ಒಂದು ಲೆಕ್ಕ. ಯಾವ ಪಂದ್ಯ ಯಾವ ಮೈದಾನದಲ್ಲಿ ಅನ್ನುವುದು ಬೇರೆ ಲೆಕ್ಕ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮೂರನೆಯದು. ಮೂರನ್ನೂ ಒಟ್ಟಿಗೇ ಹಾಕಿಕೊಂಡು ಕೂತರೆ ರಾತ್ರಿಯಿಡೀ ಅಳಿಸಿ ಬರೆಯುವುದೇ ಆಗುತ್ತದೆ. ಒಂದಾದ ಮೇಲೆ ಒಂದು ಹಿಡಿದರೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಮೊದಲು ಒಟ್ಟು ಎಷ್ಟು ಪಂದ್ಯ ಅಂತ ನೋಡೋಣ. ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಿ. 6 ತಂಡಕ್ಕೆ 15 ಪಂದ್ಯ, 8ಕ್ಕೆ 28, 10ಕ್ಕೆ 45. 2019ರ ಕ್ರಿಕೆಟ್ ವಿಶ್ವಕಪ್‌ನಲ್ಲಿ 10 ತಂಡಗಳಿಗೆ 45 ಲೀಗ್ ಪಂದ್ಯ ಇದ್ದದ್ದು ಹೀಗೆ. ತಂಡ ಎರಡರಷ್ಟಾದರೆ ಪಂದ್ಯ ಎರಡರಷ್ಟಲ್ಲ, ನಾಲ್ಕರಷ್ಟಕ್ಕಿಂತ ಜಾಸ್ತಿ: 12 ತಂಡಕ್ಕೆ 66. "ಇನ್ನೊಂದೆರಡು ತಂಡ ಸೇರಿಸಿಕೊಳ್ಳೋಣ ಬಿಡಿ" ಅನ್ನುವ ಮುಂಚೆ ಈ ಗುಣಾಕಾರ ಮಾಡಿ ನೋಡಿ.

ಮೈದಾನದ ವಿಷಯದಲ್ಲೂ ಒಂದು ಮಿತಿ ಇದೆ. ಒಂದು ಪಂದ್ಯಕ್ಕೆ ಎರಡು ತಂಡ ಬೇಕು. ಹಾಗಾಗಿ ತಂಡಗಳ ಅರ್ಧಕ್ಕಿಂತ ಜಾಸ್ತಿ ಮೈದಾನ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. 8 ತಂಡಕ್ಕೆ ಐದನೇ ಮೈದಾನ ಬಾಡಿಗೆಗೆ ಹಿಡಿದರೆ ಅದು ಖಾಲಿ ಬಿದ್ದಿರುತ್ತದೆ, ಅಥವಾ ವಾರ್ಮ್‌ಅಪ್‌ಗೆ ಆಗುತ್ತದೆ.

ಇನ್ನು ಜೋಡಿ ಮಾಡುವುದು. ಇದಕ್ಕೆ ತುಂಬಾ ಹಳೆಯ ಉಪಾಯ ಒಂದಿದೆ. ಉದ್ದನೆಯ ಮೇಜಿನ ಎರಡೂ ಬದಿಯಲ್ಲಿ ಎಲ್ಲರೂ ಎದುರುಬದುರು ಕೂತಿದ್ದಾರೆ ಅಂದುಕೊಳ್ಳಿ. ಎದುರು ಕೂತವರೇ ಆ ಸುತ್ತಿನ ಎದುರಾಳಿ. ಸುತ್ತು ಮುಗಿದ ಮೇಲೆ ಒಬ್ಬರು ಕೂತಲ್ಲೇ ಇರುತ್ತಾರೆ, ಉಳಿದವರೆಲ್ಲ ಒಂದೇ ದಿಕ್ಕಿನಲ್ಲಿ ಒಂದೊಂದು ಕುರ್ಚಿ ಸರಿಯುತ್ತಾರೆ. 6 ತಂಡಕ್ಕೆ 5 ಸುತ್ತು, 8 ತಂಡಕ್ಕೆ 7 ಸುತ್ತು. ಅಷ್ಟರಲ್ಲಿ ಎಲ್ಲರೂ ಎಲ್ಲರ ಎದುರು ಒಂದೇ ಒಂದು ಸಲ ಕೂತಿರುತ್ತಾರೆ. ಯಾರೂ ತಪ್ಪುವುದಿಲ್ಲ, ಯಾರೂ ಎರಡು ಸಲ ಸಿಗುವುದಿಲ್ಲ. ಗಣಿತದವರು ಇದರ ಮೂಲವನ್ನು ಇಂಗ್ಲೆಂಡಿನ ಪಾದ್ರಿ ಥಾಮಸ್ ಕರ್ಕ್‌ಮನ್ 1847ರಲ್ಲಿ ಬರೆದ ಲೇಖನಕ್ಕೆ ಕೊಂಡೊಯ್ಯುತ್ತಾರೆ. ಚೆಸ್‌ನವರು ಬಳಸುವ ಬರ್ಗರ್ ಟೇಬಲ್‌ನ ಒಳಗಿರುವುದೂ ಇದೇ ಉಪಾಯ. ಹೆಸರು ಆಸ್ಟ್ರಿಯಾದ ಯೋಹಾನ್ ಬರ್ಗರ್ ಅವರದ್ದಾದರೂ ರಿಚರ್ಡ್ ಶುರಿಗ್ ಅನ್ನುವವರು 1886ರಲ್ಲೇ ಅಂಥ ಪಟ್ಟಿಗಳನ್ನು ಪ್ರಕಟಿಸಿದ್ದರು.

ತಂಡಗಳ ಸಂಖ್ಯೆ ಬೆಸವಾಗಿದ್ದರೆ ಕೂತಲ್ಲೇ ಇರುವವರ ಜಾಗಕ್ಕೆ ಒಂದು ಖಾಲಿ ಕುರ್ಚಿ ಸೇರಿಸಿಕೊಳ್ಳಿ. ಅದರ ಎದುರು ಯಾರು ಬರುತ್ತಾರೋ ಅವರಿಗೆ ಆ ಸುತ್ತಿನಲ್ಲಿ ಬೈ, ಅಂದರೆ ಪಂದ್ಯ ಇಲ್ಲದೆ ಬಿಡುವು.

ಬೈ ಅಂದರೆ ಆಡಿಸುವವರಿಗೆ ತಲೆನೋವು ಅನ್ನುವ ಭಾವನೆ ಇದೆ. "ಏಳು ತಂಡ ಬಂದಿವೆ, ಹೇಗಾದರೂ ಮಾಡಿ ಇನ್ನೊಂದು ಹಿಡಿದು ತನ್ನಿ" ಅಂತ ಫೋನ್ ಹಚ್ಚುತ್ತಾರೆ. ನನ್ನನ್ನು ಕೇಳಿದರೆ ಮೈದಾನ ಹಂಚುವ ವಿಷಯದಲ್ಲಿ ಏಳೇ ಚೆನ್ನ. ಯಾಕೆ ಅಂತ ಈ ಪಟ್ಟಿಯಲ್ಲೇ ನೋಡಿ. ಮೈದಾನಗಳು ಎ, ಬಿ, ಸಿ; ಅಂಕಿಗಳು ತಂಡಗಳ ನಂಬರ್:

ಸುತ್ತು 1: ಎ 2–7, ಬಿ 3–6, ಸಿ 4–5, ಬೈ 1
ಸುತ್ತು 2: ಎ 3–1, ಬಿ 4–7, ಸಿ 5–6, ಬೈ 2
ಸುತ್ತು 3: ಎ 4–2, ಬಿ 5–1, ಸಿ 6–7, ಬೈ 3
ಸುತ್ತು 4: ಎ 5–3, ಬಿ 6–2, ಸಿ 7–1, ಬೈ 4
ಸುತ್ತು 5: ಎ 6–4, ಬಿ 7–3, ಸಿ 1–2, ಬೈ 5
ಸುತ್ತು 6: ಎ 7–5, ಬಿ 1–4, ಸಿ 2–3, ಬೈ 6
ಸುತ್ತು 7: ಎ 1–6, ಬಿ 2–5, ಸಿ 3–4, ಬೈ 7

1ನೇ ತಂಡದ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ಮೊದಲು ಬೈ, ಆಮೇಲೆ ಎ, ಬಿ, ಸಿ, ಮತ್ತೆ ಸಿ, ಬಿ, ಎ. ಈಗ 4ನೇ ತಂಡ: ನಾಲ್ಕನೇ ಸುತ್ತಿನಲ್ಲಿ ಬೈ, ಆಮೇಲೆ ಎ, ಬಿ, ಸಿ. ಏಳನೇ ಸುತ್ತಿಗೆ ಪಟ್ಟಿ ಮುಗಿಯಿತು. ಮೇಲಿನಿಂದ ಶುರು ಮಾಡಿದರೆ ಸಿ, ಬಿ, ಎ. ಯಾವ ತಂಡವನ್ನು ಹಿಡಿದರೂ ದಾರಿ ಇದೇ, ಶುರುವಾಗುವ ಜಾಗ ಮಾತ್ರ ಬೇರೆ. ಪ್ರತಿಯೊಬ್ಬರಿಗೂ ಪ್ರತಿ ಮೈದಾನದಲ್ಲೂ ಸರಿಯಾಗಿ ಎರಡೆರಡು ಪಂದ್ಯ. ಹೊಂಡದ ಮೈದಾನ ಇದ್ದರೆ ಎಲ್ಲರಿಗೂ ಎರಡೇ ಸಲ, ಹುಲ್ಲು ಚೆನ್ನಾಗಿರುವ ಮೈದಾನವೂ ಎಲ್ಲರಿಗೂ ಎರಡೇ ಸಲ. ತಂಡ ಎಷ್ಟೇ ಇರಲಿ, ಸಂಖ್ಯೆ ಬೆಸವಾಗಿದ್ದು, ಬೈ ಬಿಟ್ಟು ಉಳಿದವರೆಲ್ಲ ಒಟ್ಟಿಗೆ ಆಡುವಷ್ಟು ಮೈದಾನ ಇದ್ದರೆ ಈ ಸಮಪಾಲು ತಾನಾಗಿಯೇ ಬರುತ್ತದೆ. ಬೈ ಇರುವ ತಂಡದವರನ್ನು ಸ್ಕೋರ್ ಬರೆಯಲು ಕೂರಿಸಿಕೊಳ್ಳಬಹುದು, ಅದು ಬೇರೆ ಲಾಭ.

ಪಟ್ಟಿ ಬರೆಯುವುದೂ ಸುಲಭ. ಬೈ ಇರುವ ತಂಡದ ಅಕ್ಕಪಕ್ಕದ ನಂಬರ್‌ಗಳು ಎ ಮೈದಾನಕ್ಕೆ, ಅವುಗಳ ಆಚೆಗಿನ ಎರಡು ಬಿಗೆ, ಅದರಾಚೆಗಿನವು ಸಿಗೆ. 7 ಆದ ಮೇಲೆ ಮತ್ತೆ 1 ಬರುತ್ತದೆ ಅಂತ ನೆನಪಿಟ್ಟುಕೊಂಡರೆ ಆಯಿತು.

ಸರಿ, ಸಮಸಂಖ್ಯೆ ಬಂದರೆ? ಖಾಲಿ ಕುರ್ಚಿಯ ಜಾಗದಲ್ಲಿ ಈಗ ನಿಜವಾದ ತಂಡ ಕೂತಿರುತ್ತದೆ. ಅದು ಜಾಗ ಬಿಟ್ಟು ಏಳುವುದಿಲ್ಲ, ಹಾಗಾಗಿ ಅದರ ಮೈದಾನವೂ ಬದಲಾಗುವುದಿಲ್ಲ. 6 ತಂಡ, 3 ಮೈದಾನ ಇದ್ದಾಗ 6ನೇ ತಂಡ ಐದಕ್ಕೆ ಐದೂ ಪಂದ್ಯ ಒಂದೇ ಕಡೆ ಆಡುತ್ತದೆ. ಉಳಿದ ಐದು ತಂಡಗಳಿಗೆ ಲೆಕ್ಕ ಚೊಕ್ಕವಾಗಿರುತ್ತದೆ: ಆ ಮೈದಾನದಲ್ಲಿ ಒಂದು ಪಂದ್ಯ, ಇನ್ನೆರಡರಲ್ಲಿ ಎರಡೆರಡು. ಅಂದರೆ ಇಡೀ ಪಟ್ಟಿಯ ಅನ್ಯಾಯವೆಲ್ಲ ಒಂದೇ ತಂಡದ ತಲೆ ಮೇಲೆ. ಪಟ್ಟಿ ಹಾಕಿದವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಜೋಡಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಆ ತಂಡದ ಕ್ಯಾಪ್ಟನ್‌ಗೆ ಮಾತ್ರ ಮೂರನೇ ಪಂದ್ಯಕ್ಕೇ ಗೊತ್ತಾಗುತ್ತದೆ.

ಸರಿಪಡಿಸಲು ಒಂದೇ ಸುತ್ತಿನೊಳಗೆ ಮೈದಾನಗಳನ್ನು ಅದಲುಬದಲು ಮಾಡಬೇಕು. ಸುತ್ತು ಬದಲಾಗದೇ ಇರುವವರೆಗೆ ಯಾರು ಯಾರ ವಿರುದ್ಧ ಅನ್ನುವುದಕ್ಕೆ ಧಕ್ಕೆ ಇಲ್ಲ. ಮೇಜಿನ ಉಪಾಯದಿಂದ ಬಂದ 6 ತಂಡಗಳ ಪಟ್ಟಿಯನ್ನು ಹಾಗೆ ಅದಲುಬದಲು ಮಾಡಿದರೆ ಹೀಗೆ ಬರುತ್ತದೆ:

ಸುತ್ತು 1: ಎ 6–1, ಬಿ 2–5, ಸಿ 3–4
ಸುತ್ತು 2: ಎ 6–2, ಬಿ 3–1, ಸಿ 4–5
ಸುತ್ತು 3: ಎ 2–4, ಬಿ 5–1, ಸಿ 6–3
ಸುತ್ತು 4: ಎ 3–5, ಬಿ 6–4, ಸಿ 1–2
ಸುತ್ತು 5: ಎ 1–4, ಬಿ 2–3, ಸಿ 5–6

ಈಗ 6ನೇ ತಂಡ ಎ, ಎ, ಸಿ, ಬಿ, ಸಿ ಅಂತ ಓಡಾಡುತ್ತದೆ. ಪ್ರತಿ ತಂಡಕ್ಕೂ ಎರಡು ಮೈದಾನಗಳಲ್ಲಿ ಎರಡೆರಡು ಪಂದ್ಯ, ಒಂದರಲ್ಲಿ ಒಂದು. ಐದು ಪಂದ್ಯವನ್ನು ಮೂರು ಮೈದಾನಕ್ಕೆ ಹಂಚುವಾಗ ಇದಕ್ಕಿಂತ ಸಮ ಮಾಡಲು ಸಾಧ್ಯವೇ ಇಲ್ಲ. ನೀವು ಅದಲುಬದಲು ಮಾಡುವಾಗ ಪಕ್ಕದಲ್ಲಿ ಒಂದು ಚಿಕ್ಕ ಚೌಕ ಬರೆದುಕೊಳ್ಳಿ: ಎಡಕ್ಕೆ ತಂಡಗಳು, ಮೇಲೆ ಮೈದಾನಗಳು, ಒಳಗೆ ಎಷ್ಟು ಪಂದ್ಯ ಅನ್ನುವ ಸಂಖ್ಯೆ. ಯಾವುದೇ ಮನೆಯಲ್ಲಿ 3 ಕಂಡರೆ ಆ ತಂಡದ ಒಂದು ಪಂದ್ಯ ಸರಿಸಬೇಕು ಅಂತ ಅರ್ಥ.

ಇದು ಯಾವಾಗಲೂ ಆಗುತ್ತದೆಯೇ? ತಂಡಗಳ ಅರ್ಧದಷ್ಟು ಮೈದಾನ ಇದ್ದಾಗ, ಯಾರಿಗೂ ಒಂದೇ ಮೈದಾನದಲ್ಲಿ ಎರಡಕ್ಕಿಂತ ಜಾಸ್ತಿ ಪಂದ್ಯ ಬಾರದ ಹಾಗೆ ಪಟ್ಟಿ ಮಾಡಬಹುದು ಅಂತ ಶೆಲನ್‌ಬರ್ಗ್, ವಾನ್ ರೀಸ್, ವಾನ್‌ಸ್ಟೋನ್ ಅನ್ನುವ ಮೂವರು ಗಣಿತಜ್ಞರು 1977ರಲ್ಲಿ ತೋರಿಸಿದರು. ಒಂದೇ ಒಂದು ಅಪವಾದ: 4 ತಂಡ, 2 ಮೈದಾನ. ಎಲ್ಲಕ್ಕಿಂತ ಸುಲಭ ಅನ್ನಿಸುವುದೇ ಕೈ ಕೊಡುತ್ತದೆ! ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮೂರು ಸುತ್ತು: 1–2 ಮತ್ತು 3–4, 1–3 ಮತ್ತು 2–4, 1–4 ಮತ್ತು 2–3. ಪ್ರತಿ ಸುತ್ತಿನಿಂದ ಒಂದು ಪಂದ್ಯ ಎ ಮೈದಾನಕ್ಕೆ ಹೋಗಬೇಕು. 1–2, 1–3 ಎರಡನ್ನೂ ಎಗೆ ಹಾಕಿದಿರಿ ಅನ್ನಿ. ಮೂರನೇ ಸುತ್ತಿನ 1–4 ಕೂಡ ಅಲ್ಲಿಗೇ ಹಾಕಿದರೆ 1ನೇ ತಂಡ ಮೂರಕ್ಕೆ ಮೂರೂ ಎಯಲ್ಲಿ. ಅದರ ಬದಲು 2–3 ಹಾಕಿದರೆ 4ನೇ ತಂಡಕ್ಕೆ ಮೂರೂ ಬಿಯಲ್ಲಿ. ಬೇರೆ ಹೇಗೆ ಶುರು ಮಾಡಿದರೂ ತಂಡದ ನಂಬರ್ ಬದಲಾಗುತ್ತದೆಯೇ ಹೊರತು ಕಥೆ ಅದೇ. ಯಾರೋ ಒಬ್ಬರು ಒಂದೇ ಮೈದಾನಕ್ಕೆ ಅಂಟಿಕೊಳ್ಳುತ್ತಾರೆ. ಸಮಯ ಇದ್ದರೆ ಎರಡು ಸಲ ಆಡಿಸಿ, ಎರಡನೇ ಸಲ ಪ್ರತಿ ಪಂದ್ಯದ ಮೈದಾನ ತಿರುಗಿಸಿ. ಆಗ ಎಲ್ಲರಿಗೂ ಮೂರು ಮೂರು. ಇಲ್ಲದಿದ್ದರೆ ಎರಡು ಮೈದಾನಗಳಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಇಲ್ಲಿಯವರೆಗೆ ಎಲ್ಲರೂ ಒಟ್ಟಿಗೆ ಆಡುವಷ್ಟು ಮೈದಾನ ಇದೆ ಅಂದುಕೊಂಡಿದ್ದೆವು. ಎಷ್ಟೋ ಕಡೆ ಅಷ್ಟು ಇರುವುದಿಲ್ಲ. ಆಗ ಕೆಲವರು ಆಡುತ್ತಿರುತ್ತಾರೆ, ಕೆಲವರು ಕಾಯುತ್ತಿರುತ್ತಾರೆ. ಬಿಡುವಿನ ಜಗಳ ಹುಟ್ಟುವುದು ಇಲ್ಲಿ.

8 ತಂಡ, 2 ಮೈದಾನ ಅನ್ನಿ. 28 ಪಂದ್ಯ, ಒಂದು ಹೊತ್ತಿಗೆ ಎರಡರಂತೆ 14 ಸರದಿ. ಯಾವ ತಂಡಕ್ಕೂ ಒಂದರ ಹಿಂದೊಂದು ಪಂದ್ಯ ಬರಬಾರದು ಅಂತ ಹಟ ಹಿಡಿದರೆ ಏನಾಗುತ್ತದೆ? ಮೊದಲ ಸರದಿಯಲ್ಲಿ ನಾಲ್ಕು ತಂಡ ಆಡಿದವು. ಎರಡನೆಯದರಲ್ಲಿ ಅವು ಆಡಬಾರದು, ಹಾಗಾಗಿ ಉಳಿದ ನಾಲ್ಕೂ ಆಡಲೇಬೇಕು. ಮೂರನೆಯದರಲ್ಲಿ ಮತ್ತೆ ಮೊದಲ ನಾಲ್ಕು. ಹೀಗೇ ಹೋದರೆ ಈ ನಾಲ್ಕು ಆ ನಾಲ್ಕರ ಮುಖ ನೋಡುವುದೇ ಇಲ್ಲ. ಲೀಗ್ ಹೇಗೆ ಮುಗಿದೀತು? ಅಂದರೆ ಒಂದು ಹೊತ್ತಿಗೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ತಂಡಗಳು ಮೈದಾನದಲ್ಲಿದ್ದರೆ ಒಂದರ ಹಿಂದೊಂದು ಆಡುವುದನ್ನು ಯಾವ ಜಾಣನೂ ತಪ್ಪಿಸಲಾರ. ಪಟ್ಟಿ ಹಾಕುವವರನ್ನು ಬೈದು ಪ್ರಯೋಜನ ಇಲ್ಲ. ಅವರಿಂದ ಕೇಳಬಹುದಾದದ್ದು ಎರಡು: ಈ ಕಷ್ಟ ಎಲ್ಲರಿಗೂ ಹೆಚ್ಚುಕಮ್ಮಿ ಸಮನಾಗಿ ಬರಲಿ, ಮತ್ತು ಯಾರಿಗೂ ಮೂರು ಪಂದ್ಯ ಸಾಲಾಗಿ ಬೀಳದಿರಲಿ. ಸಮಯ ಉಳಿದರೆ ಪ್ರತಿ ಸುತ್ತಿನ ಕೊನೆಗೆ ಒಂದು ಸರದಿ ಖಾಲಿ ಬಿಡಿ. ಊಟದ ಹೊತ್ತನ್ನೂ ಅಲ್ಲಿಗೇ ಹೊಂದಿಸಿದರೆ ಒಂದು ಸರದಿ ಉಳಿಯಿತು.

ಆಡುವವರು ಅರ್ಧಕ್ಕಿಂತ ಕಡಿಮೆ ಇದ್ದರೆ ದಾರಿ ಸಿಗುತ್ತದೆ. 5 ತಂಡ, ಒಂದೇ ಮೈದಾನ ಇದ್ದಾಗ ಈ ಕ್ರಮ ನೋಡಿ: 1–2, 3–4, 1–5, 2–3, 4–5, 1–3, 2–5, 1–4, 3–5, 2–4. ಹತ್ತು ಪಂದ್ಯದಲ್ಲಿ ಎಲ್ಲೂ ಯಾರೂ ಸಾಲಾಗಿ ಎರಡು ಆಡುವುದಿಲ್ಲ. ಹಾಗಂತ ಪೂರ್ತಿ ಸಮ ಅನ್ನಬೇಡಿ. 2ನೇ ತಂಡ 1, 4, 7, 10ನೇ ಪಂದ್ಯಗಳಲ್ಲಿ ಆಡುತ್ತದೆ, ಪ್ರತಿ ಸಲ ಎರಡು ಪಂದ್ಯದಷ್ಟು ವಿಶ್ರಾಂತಿ. 5ನೇ ತಂಡ 3, 5, 7, 9ರಲ್ಲಿ ಆಡುತ್ತದೆ, ಒಂದೊಂದೇ ಪಂದ್ಯದ ವಿಶ್ರಾಂತಿ. ಇದನ್ನೇ ಎರಡನೇ ಸಲವೂ ಹೀಗೇ ಶುರು ಮಾಡಿದರೆ 2–4 ಆದ ತಕ್ಷಣ 1–2 ಬರುತ್ತದೆ, 2ನೇ ತಂಡ ಸಿಕ್ಕಿಬೀಳುತ್ತದೆ. ಬೇರೆ ಯಾವ ಕ್ರಮ ಹಾಕಿ ಅದನ್ನೇ ಮತ್ತೆ ಆಡಿಸಿದರೂ ಕೊನೆಯ ಪಂದ್ಯ ಮತ್ತು ಮೊದಲ ಪಂದ್ಯ ಸೇರುವಲ್ಲಿ ಯಾರಾದರೊಬ್ಬರು ಸಿಕ್ಕಿಬೀಳುವುದು ಖಚಿತ. ಹತ್ತು ಪಂದ್ಯಗಳನ್ನು ಹತ್ತು ಚುಕ್ಕೆ ಮಾಡಿ, ಸಾಲಾಗಿ ಆಡಿಸಬಹುದಾದ ಪಂದ್ಯಗಳ ನಡುವೆ ಗೆರೆ ಎಳೆದರೆ ಪೀಟರ್ಸನ್ ಗ್ರಾಫ್ ಅನ್ನುವ ಪ್ರಸಿದ್ಧ ಚಿತ್ರ ಬರುತ್ತದೆ; ಎಲ್ಲ ಚುಕ್ಕೆಗಳನ್ನೂ ಒಂದೊಂದೇ ಸಲ ಮುಟ್ಟಿ ಶುರುವಾದಲ್ಲಿಗೇ ವಾಪಸ್ ಬರುವ ದಾರಿ ಅದರಲ್ಲಿ ಇಲ್ಲ. ತಪ್ಪಿಸಿಕೊಳ್ಳಲು ಎರಡನೇ ಸಲ 2 ಮತ್ತು 3ನೇ ತಂಡಗಳ ನಂಬರ್ ಅದಲುಬದಲು ಮಾಡಿದರೆ ಸಾಕು. ಆಗ 2–4 ಆದ ಮೇಲೆ 1–3 ಬರುತ್ತದೆ.

ಇನ್ನೊಂದು ಅನ್ಯಾಯ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮೇಲಿನ 6 ತಂಡಗಳ ಪಟ್ಟಿಗೆ ವಾಪಸ್ ಬನ್ನಿ. 1ನೇ ತಂಡ ಎರಡನೇ ಸುತ್ತಿನಲ್ಲಿ 3ನ್ನು ಎದುರಿಸುತ್ತದೆ. 3 ಅದರ ಹಿಂದಿನ ಸುತ್ತಿನಲ್ಲಿ ಆಡಿದ್ದು 4ರ ಜೊತೆ. ಮೂರನೇ ಸುತ್ತಿನಲ್ಲಿ 1ಕ್ಕೆ 5 ಸಿಗುತ್ತದೆ. ಅದೂ 4ರ ಜೊತೆ ಆಡಿ ಬಂದದ್ದು. ನಾಲ್ಕನೇ ಸುತ್ತಿನಲ್ಲಿ 2 ಸಿಗುತ್ತದೆ. ಅದೂ 4ರ ಕೈಯಿಂದಲೇ. 4 ಎಲ್ಲರ ಮೈ ಮುರಿಯುವ ಕಬಡ್ಡಿ ತಂಡ ಅಂದುಕೊಳ್ಳಿ. ಆಗ 1ಕ್ಕೆ ಪದೇ ಪದೇ ಸುಸ್ತಾದ, ಗಾಯ ಮಾಡಿಕೊಂಡ ಎದುರಾಳಿಯೇ ಸಿಗುತ್ತದೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸರಿಯುವುದರಿಂದ ಬರುವ ದೋಷ ಇದು. ಈ ಪ್ರಭಾವವನ್ನು ಎಲ್ಲರಿಗೂ ಸಮನಾಗಿ ಹಂಚುವ ಪಟ್ಟಿಗಳನ್ನು ರಸೆಲ್ ಅನ್ನುವವರು 1980ರಲ್ಲಿ ಕೊಟ್ಟರು. ಅವರ ವಿಧಾನ ನಡೆಯುವುದು 4, 8, 16ರಂಥ, ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಸಿಗುವ ಸಂಖ್ಯೆಗಳಿಗೆ. 6 ತಂಡಗಳಿಗೆ ಅಂಥ ಪಟ್ಟಿ ಇಲ್ಲವೇ ಇಲ್ಲ. ದಿನಕ್ಕೊಂದು ಪಂದ್ಯ ಇರುವ ಕಡೆ ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಒಂದೇ ದಿನದಲ್ಲಿ ಐದು ಸುತ್ತು ಮುಗಿಸುವುದಾದರೆ ಸುತ್ತುಗಳ ಕ್ರಮವನ್ನಾದರೂ ಕಲಸಿ. 1, 2, 3, 4, 5 ಅಂತಲೇ ಆಡಿಸಬೇಕು ಅಂತ ಯಾರೂ ಹೇಳಿಲ್ಲ. ಜೋಡಿಗಳೂ ಮೈದಾನದ ಲೆಕ್ಕವೂ ಹಾಗೇ ಉಳಿಯುತ್ತವೆ.

ಕೊನೆಯ ಸುತ್ತಿನ ವಿಷಯಕ್ಕೆ ಬಂದರೆ ಫುಟ್‌ಬಾಲ್ ಒಂದು ಪಾಠ ಕಲಿತಿದೆ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಕೊನೆಯ ಪಂದ್ಯವನ್ನು ಜೂನ್ 24ರಂದೇ ಆಡಿ ಮುಗಿಸಿತ್ತು. ಮಾರನೇ ದಿನ ಸ್ಪೇನಿನ ಖಿಖೋನ್‌ನಲ್ಲಿ ಅದೇ ಗುಂಪಿನ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದವು. ಯಾವ ಫಲಿತಾಂಶ ಬಂದರೆ ತಾವಿಬ್ಬರೂ ಮುಂದಕ್ಕೆ ಹೋಗುತ್ತೇವೆ ಅಂತ ಎರಡಕ್ಕೂ ಗೊತ್ತಿತ್ತು. ಹತ್ತನೇ ನಿಮಿಷಕ್ಕೆ ಜರ್ಮನಿ ಒಂದು ಗೋಲು ಹೊಡೆಯಿತು. ಆಮೇಲೆ ಆಟ ತಣ್ಣಗಾಗಿ ಪಂದ್ಯ 1–0ಗೆ ಮುಗಿಯಿತು, ಅಲ್ಜೀರಿಯಾ ಹೊರಬಿತ್ತು. 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಶುರು ಮಾಡುತ್ತಾರೆ. ನಿಮ್ಮ ಹತ್ತಿರ ಮೈದಾನ ಕಡಿಮೆ ಇದ್ದರೂ ಕೊನೆಯ ಸುತ್ತಿನಲ್ಲಿ ಯಾವ ಪಂದ್ಯಗಳಿಂದ ಅಂಕಪಟ್ಟಿ ಬದಲಾಗಬಹುದೋ ಅವನ್ನು ಒಂದೇ ಸರದಿಯಲ್ಲಿ ಇಡಿ.

ಪಟ್ಟಿ ಸಿದ್ಧವಾಗುವವರೆಗೆ ಅದರಲ್ಲಿ ಬರೀ ನಂಬರ್ ಇರಲಿ, ತಂಡದ ಹೆಸರು ಬೇಡ. ಎಷ್ಟೇ ಸಮ ಮಾಡಿದರೂ ಸಣ್ಣಪುಟ್ಟ ಹೆಚ್ಚುಕಮ್ಮಿ ಉಳಿಯುತ್ತದೆ ಅಂತ ಮೇಲೆಯೇ ನೋಡಿದೆವಲ್ಲ. ಯಾವ ಹೆಚ್ಚುಕಮ್ಮಿಯನ್ನು ಒಪ್ಪಿಕೊಳ್ಳುತ್ತೀರಿ, ಮೈದಾನದ್ದೋ ಬಿಡುವಿನದ್ದೋ, ಅನ್ನುವುದನ್ನು ಮೊದಲೇ ಹೇಳಿ. ಆಮೇಲೆ ಎಲ್ಲ ಕ್ಯಾಪ್ಟನ್‌ಗಳ ಎದುರು ಚೀಟಿ ಎತ್ತಿಸಿ ನಂಬರ್ ಕೊಡಿ. ಅದೃಷ್ಟಕ್ಕೆ ಬಿಟ್ಟ ತೊಂದರೆಯನ್ನು ಜನ ಸಹಿಸಿಕೊಳ್ಳುತ್ತಾರೆ. ಯಾರೋ ಕೂತು ಬರೆದದ್ದು ಅಂತ ಅನುಮಾನ ಬಂದರೆ ಅರ್ಧ ಅಂಗುಲವೂ ಬಿಡುವುದಿಲ್ಲ, ಅಲ್ವಾ?

ಚೀಟಿ ಎತ್ತುವ ಮುಂಚೆಯೇ ಇನ್ನೊಂದು ನಿಯಮವೂ ಬರವಣಿಗೆಯಲ್ಲಿ ಇರಬೇಕು: ಮಧ್ಯದಲ್ಲಿ ಒಂದು ತಂಡ ಬಿಟ್ಟು ಹೋದರೆ ಏನು ಮಾಡುತ್ತೀರಿ? ಅದರ ವಿರುದ್ಧ ಈಗಾಗಲೇ ಸೋತವರು ಆ ಪಂದ್ಯ ರದ್ದಾಗಲಿ ಅನ್ನುತ್ತಾರೆ, ಗೆದ್ದವರು ಬೇಡ ಅನ್ನುತ್ತಾರೆ. ಚೆಸ್‌ನಲ್ಲಿ ಇದಕ್ಕೊಂದು ಸರಳ ಗೆರೆ ಹಾಕಿಕೊಂಡಿದ್ದಾರೆ. ಬಿಟ್ಟು ಹೋದವರು ಅರ್ಧಕ್ಕಿಂತ ಕಡಿಮೆ ಆಡಿದ್ದರೆ ಅವರ ಫಲಿತಾಂಶಗಳನ್ನು ಅಂಕಪಟ್ಟಿಗೆ ಹಿಡಿಯುವುದಿಲ್ಲ. ಅರ್ಧ ಅಥವಾ ಜಾಸ್ತಿ ಆಡಿದ್ದರೆ ಆಡಿದ್ದು ಉಳಿಯುತ್ತದೆ, ಬಾಕಿ ಪಂದ್ಯಗಳ ಅಂಕ ಎದುರಾಳಿಗೆ ಹೋಗುತ್ತದೆ. ನೀವೂ ಅದನ್ನೇ ಎತ್ತಿಕೊಳ್ಳಬಹುದು. ಆ ತಂಡ ಆಡಬೇಕಿದ್ದ ಜಾಗದಲ್ಲಿ ಬೈ ಅಂತ ಬರೆದರೆ ಉಳಿದ ಪಟ್ಟಿ ಇದ್ದ ಹಾಗೇ ನಡೆಯುತ್ತದೆ.